ಹತ್ತಿದ ಬಾಣಲೆಗೆ ಕೊಡದ ನೀರು ಬೇಡ

ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಹೋದವರು ಮಂಡಕ್ಕಿ, ಮೆಣಸಿನಕಾಯಿ ತಿನ್ನದೆ ವಾಪಸ್ ಬಂದದ್ದುಂಟಾ? ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿನ ಬಸ್ ಸ್ಟ್ಯಾಂಡಿಗಾದರೂ ಹೋಗಿ. ಪಕ್ಕದಲ್ಲೊಂದು ತಳ್ಳುಗಾಡಿ, ಅದರ ಮೇಲೆ ಭರ್ರೋ ಅಂತ ಉರಿಯೋ ಗ್ಯಾಸ್ ಒಲೆ, ಅದರ ಮೇಲೆ ದೊಡ್ಡ ಬಾಣಲೆ. ಈಗ ಹೇಳಿ, ಆ ಬಾಣಲೆಯ ಎಣ್ಣೆಗೇ ಬೆಂಕಿ ಹತ್ತಿಕೊಂಡರೆ ಏನ್ ಮಾಡ್ತೀರಿ?

ಪಕ್ಕದಲ್ಲಿರೋ ಕೊಡ ಎತ್ತಿ ಸುರೀತೀವಿ ಅಂತೀರಿ. ನಿಮ್ಮನ್ನ ಬೈಯಲ್ಲ. ಈ ಸೀಮೆಯ ಜನ ಕಂಡಿದ್ದು ಬಣವೆಯ ಬೆಂಕಿ, ಗುಡಿಸಲಿನ ಬೆಂಕಿ. ಮೇವು ಹತ್ತಿತು ಅಂದ್ರೆ ಇಡೀ ಊರು ಕೊಡ ಹಿಡಿದು ಓಡುತ್ತೆ. ಅಲ್ಲಿ ಅದು ಸರಿ. ಹುಲ್ಲು, ಕಟ್ಟಿಗೆ, ಬಟ್ಟೆಯನ್ನು ನೀರು ತಣ್ಣಗೆ ಮಾಡುತ್ತೆ, ಬೆಂಕಿ ಆರುತ್ತೆ. ಆದರೆ ಅದೇ ಕೊಡ ಎಣ್ಣೆಗೆ ಬಿದ್ದರೆ ಕಥೆಯೇ ಬೇರೆ.

ನೀರು ಕುದಿಯೋದು 100 ಡಿಗ್ರಿಗೆ. ಮೆಣಸಿನಕಾಯಿ ಕರಿಯೋ ಎಣ್ಣೆ 180 ಡಿಗ್ರಿ ಆಸುಪಾಸು ಇರುತ್ತೆ. ಒಲೆ ಆರಿಸದೆ ಬಿಟ್ಟರೆ ಇನ್ನೂ ಮೇಲೆ ಹೋಗುತ್ತೆ, ದಟ್ಟ ಹೊಗೆ ಬರುತ್ತೆ, 350 ಡಿಗ್ರಿ ದಾಟಿತು ಅಂದ್ರೆ ಕಡ್ಡಿ ಗೀರೋದೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತೆ. ಅಂಥ ಎಣ್ಣೆಗೆ ನೀರು ಹಾಕಿದರೆ ಅದು ಮೇಲೆ ನಿಲ್ಲಲ್ಲ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತೆ. ಇಳಿಯುತ್ತಿದ್ದ ಹಾಗೇ ಆವಿಯಾಗುತ್ತೆ. ಒಂದು ಲೋಟ ನೀರು ಆವಿಯಾದರೆ ಸುಮಾರು 1,600 ಲೋಟದಷ್ಟು ಜಾಗ ಬೇಡುತ್ತೆ! ಆ ಆವಿ ಮೇಲಿರೋ ಉರಿಯೋ ಎಣ್ಣೆಯನ್ನು ಒದ್ದುಕೊಂಡು ಹೊರಗೆ ಬರುತ್ತೆ. ಎಣ್ಣೆ ಹನಿಹನಿಯಾಗಿ ಚದುರುತ್ತೆ, ಪ್ರತಿ ಹನಿಗೂ ಗಾಳಿ ಸಿಗುತ್ತೆ, ಆಳೆತ್ತರದ ಬೆಂಕಿ ಏಳುತ್ತೆ. ಕೊಡ ಹಿಡಿದವನ ಮುಖ, ಎದೆ, ಕೈ ಅದರ ಎದುರಿಗೇ ಇರುತ್ತೆ. ಬರದ ಸೀಮೆಯಲ್ಲಿ ನಿಂತು ನೀರು ಬೇಡ ಅನ್ನೋ ಪರಿಸ್ಥಿತಿ ನೋಡಿ!

ಹಾಗಾದರೆ ಏನು ಮಾಡಬೇಕು? ಗ್ಯಾಸ್ ಬಂದ್ ಮಾಡಿ. ಬಾಣಲೆಗಿಂತ ಅಗಲವಾದ ತಗಡಿನ ಮುಚ್ಚಳವನ್ನು ನಿಮ್ಮ ಕಡೆಯಿಂದ ಗುರಾಣಿಯ ಹಾಗೆ ಹಿಡಿದು ಮೆಲ್ಲಗೆ ಮುಂದಕ್ಕೆ ಸರಿಸಿ ಮುಚ್ಚಿ. ಗಾಳಿ ನಿಂತರೆ ಬೆಂಕಿ ನಿಲ್ಲುತ್ತೆ. ಆರಿತಾ ಅಂತ ತೆಗೆದು ನೋಡಬೇಡಿ. ಎಣ್ಣೆ ಇನ್ನೂ ಕಾದೇ ಇರುತ್ತೆ, ಗಾಳಿ ಸಿಕ್ಕರೆ ಮತ್ತೆ ಹತ್ತುತ್ತೆ. ಬಾಣಲೆ ಪೂರ್ತಿ ತಣ್ಣಗಾಗಲಿ. ಉರಿಯೋ ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡೋ ಸಾಹಸವಂತೂ ಬೇಡವೇ ಬೇಡ. ಇನ್ನೊಂದು ಮಾತು, ಮಿರ್ಚಿ ಗಾಡಿಯವರಿಗೇ ಹೇಳ್ತಿರೋದು. ಕೈಗೆ ಸಿಕ್ಕಿತು ಅಂತ ಕಡಲೆಹಿಟ್ಟು ಎರಚಬೇಡಿ. ಹಾರಿದ ಹಿಟ್ಟು ತಾನೇ ಭಗ್ ಅಂತ ಹತ್ತಿಕೊಳ್ಳುತ್ತೆ. ಗಾಡಿಯಲ್ಲಿ ಮುಚ್ಚಳ ಇದೆಯಾ? ಜಾತ್ರೆಗೆ ಹೊರಡೋ ಮೊದಲು ಒಮ್ಮೆ ನೋಡಿಕೊಳ್ಳಿ. ಬೆಂಕಿ ಕೈಮೀರಿತು ಅನಿಸಿದರೆ ದೂರ ಸರಿದು 112ಕ್ಕೆ ಫೋನ್ ಮಾಡಿ. ಆದರೆ ಅಗ್ನಿಶಾಮಕ ವಾಹನ ಹಳ್ಳಿಗೆ ಬರೋದಕ್ಕೆ ಹೊತ್ತು ಬೇಕು. ಮೊದಲ ಎರಡು ನಿಮಿಷ ನಿಮ್ಮ ಕೈಯಲ್ಲೇ ಇರೋದು.

ಪೆಟ್ರೋಲ್ ಬಂಕಿನಲ್ಲಿ ಕೆಂಪು ಬಕೆಟ್ ನೇತುಹಾಕಿರೋದನ್ನ ನೋಡಿರ್ತೀರಿ. ಅದರಲ್ಲಿರೋದು ಮರಳು. ಯಾಕೆ ಅಂದ್ರೆ ಪೆಟ್ರೋಲ್ ನೀರಿನ ಮೇಲೆ ತೇಲುತ್ತೆ, ನೀರು ಹರಿದ ಕಡೆಗೆಲ್ಲ ಬೆಂಕಿಯೂ ಹರಿಯುತ್ತೆ. ಬಾಟಲಿಯಲ್ಲಿ ಪೆಟ್ರೋಲ್ ಮಾರೋ ಕಿರಾಣಿ ಅಂಗಡಿಗಳಲ್ಲಿ ಒಂದು ಹಿಡಿ ಮರಳಾದರೂ ಇರುತ್ತಾ? ಕೇಳಿ ನೋಡಿ. ಇನ್ನು ಪಂಪ್‌ಸೆಟ್ ಸ್ಟಾರ್ಟರ್, ಸ್ವಿಚ್ ಬೋರ್ಡ್ ಹತ್ತಿದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ನೀರು ಎರಚಿದರೆ ಕರೆಂಟು ಆ ನೀರಿನಲ್ಲೇ ನಿಮ್ಮ ಹತ್ತಿರ ಬರುತ್ತೆ. ತೋಟದ ಮನೆಯಲ್ಲಿ ಒಣ ಪುಡಿಯ ಅಗ್ನಿನಂದಕ ಒಂದಿದ್ದರೆ ಒಳ್ಳೇದು.

ಗ್ಯಾಸ್ ವಿಷಯಕ್ಕೆ ಬಂದರೆ, 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳಿಗೆ ಏನಾಯ್ತು ಅನ್ನೋದು ನೆನಪಿರಬಹುದು. ಸಿಲಿಂಡರ್ ಗ್ಯಾಸ್ ಸೋರಿ ಬೆಂಕಿ ಹತ್ತಿ ಒಂಬತ್ತು ಮಂದಿ ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಒಬ್ಬರಾದ ಮೇಲೆ ಒಬ್ಬರು ಜೀವ ಬಿಡುತ್ತಾ ಹೋದರು. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡಿರುತ್ತೆ. ವಾಸನೆ ಬಂದರೆ ಲೈಟ್ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದು, ಎಲ್ಲರನ್ನೂ ಹೊರಗೆ ಕಳಿಸಿ 1906ಕ್ಕೆ ಫೋನ್ ಮಾಡಿ.

ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ ಓಡಬೇಡಿ, ನೆಲಕ್ಕೆ ಬಿದ್ದು ಹೊರಳಿ. ಪಕ್ಕದವರು ಕಂಬಳಿ ಹೊದಿಸಲಿ. ಹಡಗಲಿಯ ಮೈಲಾರದಲ್ಲಿ ಗೊರವಯ್ಯ ಹೊದೆಯುತ್ತಾನಲ್ಲ, ಅಂಥ ಉಣ್ಣೆ ಕಂಬಳಿಯೇ ಆಗಬೇಕು. ಉಣ್ಣೆ ಸುಲಭಕ್ಕೆ ಹತ್ತಲ್ಲ. ಪಾಲಿಯೆಸ್ಟರ್ ಹೊದಿಕೆಯಾದರೆ ಕರಗಿ ಚರ್ಮಕ್ಕೇ ಅಂಟಿಕೊಳ್ಳುತ್ತೆ. ಆ ಕೊಡದ ನೀರು ಬೇಕಾಗೋದು ಈಗ. ಸುಟ್ಟ ಕೈಮೇಲೆ ತಣ್ಣೀರನ್ನು ಇಪ್ಪತ್ತು ನಿಮಿಷ ಸಣ್ಣಗೆ ಹರಿಸಿ. ಪೇಸ್ಟು, ಇಂಕು ಹಚ್ಚದೆ, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.