ಹಳೆಯ ಗಣಕಕ್ಕೆ ಗ್ರಾಫಿಕ್ಸ್ ಕಾರ್ಡ್: ಕೊಳ್ಳುವ ಮುನ್ನ ಒಂದು ಪ್ರಯೋಗ

ನಿಮ್ಮ ಶಾಲೆಯಲ್ಲೋ ಮನೆಯಲ್ಲೋ ಹತ್ತು ಹನ್ನೆರಡು ವರ್ಷ ಹಳೆಯದಾದ ಗಣಕವೊಂದು ಇದೆ ಎಂದುಕೊಳ್ಳಿ. ಖಗೋಳದ ಪಾಠಕ್ಕೆಂದು ಸ್ಟೆಲೇರಿಯಂ ತಂತ್ರಾಂಶ ತೆರೆದರೆ ಆಕಾಶ ತಡವರಿಸುತ್ತ ತಿರುಗುತ್ತದೆ. ಗೂಗಲ್ ಅರ್ತ್‌ನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಇಳಿಜಾರನ್ನು ಮಕ್ಕಳಿಗೆ ತೋರಿಸಹೊರಟರೆ ಚಿತ್ರ ತುಂಡುತುಂಡಾಗಿ ಮೂಡುತ್ತದೆ. ಆಗ ಯಾರಾದರೊಬ್ಬರು ಸಲಹೆ ಕೊಡುತ್ತಾರೆ: ‘ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಿ, ಸರಿಹೋಗುತ್ತೆ.’

ಈ ಸಲಹೆ ಕೆಲವೊಮ್ಮೆ ನಿಜ, ಹಲವು ಸಲ ಸುಳ್ಳು. ದೊಡ್ಡ ಊರಿನಲ್ಲಿ ತಪ್ಪು ಕಾರ್ಡ್ ತಂದರೆ ಸಂಜೆ ಹೋಗಿ ಬದಲಾಯಿಸಿಕೊಂಡು ಬರಬಹುದು. ಚಾಮರಾಜನಗರದಿಂದ ಅಥವಾ ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋಗಿ ಬರುವುದೆಂದರೆ ಸುಮಾರು 120 ಕಿಲೋಮೀಟರ್, ಒಂದು ದಿನದ ರಜೆ. ಚಾಮರಾಜನಗರದವರಿಗೆ ರೈಲಾದರೂ ಇದೆ. ಗುಂಡ್ಲುಪೇಟೆಯವರಿಗೆ ಬಸ್ಸೇ ಗತಿ. ಆದ್ದರಿಂದ ಹಣ ಕೊಡುವ ಮೊದಲು, ಕುಳಿತಲ್ಲೇ, ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾರ್ಡ್ ಮಾಡುವ ಕೆಲಸ ಯಾವುದು?

1366 × 768 ಅಳತೆಯ ತೆರೆಯಲ್ಲಿ ಸುಮಾರು 10.5 ಲಕ್ಷ ಬಿಂದುಗಳಿವೆ. ಚಲನೆ ನಯವಾಗಿ ಕಾಣಲು ಸೆಕೆಂಡಿಗೆ 60 ಬಾರಿ ಚಿತ್ರ ಬದಲಾಗಬೇಕೆಂದರೆ, ಸೆಕೆಂಡಿಗೆ 6.3 ಕೋಟಿ ಬಿಂದುಗಳ ಬಣ್ಣವನ್ನು ಲೆಕ್ಕಹಾಕಬೇಕು. ಪ್ರತಿ ಬಿಂದುವಿನ ಲೆಕ್ಕವೂ ಸರಳ, ಒಂದು ಇನ್ನೊಂದಕ್ಕೆ ಕಾಯಬೇಕಾಗಿಲ್ಲ. ಇಂಥ ಕೆಲಸಕ್ಕೆ ನಾಲ್ಕು ಜನ ಪಂಡಿತರಿಗಿಂತ ನಾನೂರು ಜನ ಕೂಲಿಗಳು ವಾಸಿ. ಪ್ರೊಸೆಸರ್‌ನಲ್ಲಿರುವುದು ಪಂಡಿತರು, ಗ್ರಾಫಿಕ್ಸ್ ಚಿಪ್‌ನಲ್ಲಿರುವುದು ಕೂಲಿಗಳು.

2011ರಲ್ಲಿ ಬಂದ ಎರಡನೆಯ ತಲೆಮಾರಿನ ಇಂಟೆಲ್ ಕೋರ್ ಪ್ರೊಸೆಸರ್‌ಗಳಿಂದೀಚೆಗೆ ಸಾಮಾನ್ಯ ಗಣಕಗಳಲ್ಲಿ ಪ್ರೊಸೆಸರ್ ಬಿಲ್ಲೆಯೊಳಗೇ ಒಂದು ಚಿಕ್ಕ ಗ್ರಾಫಿಕ್ಸ್ ಭಾಗವೂ ಇರುತ್ತದೆ. ಅದಕ್ಕೆ ಸ್ವಂತ ಸ್ಮೃತಿ ಇಲ್ಲ. ಗಣಕದ ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಬೇರೆಯಾಗಿ ಕೊಳ್ಳುವ ಕಾರ್ಡಿನಲ್ಲಿ ಕೂಲಿಗಳೂ ಹೆಚ್ಚು, ಸ್ಮೃತಿಯೂ ಸ್ವಂತದ್ದು. ವ್ಯತ್ಯಾಸ ಇಷ್ಟೇ. ಗಣಕ ಚಾಲೂ ಆಗಲು ಮೂರು ನಿಮಿಷ ಹಿಡಿಯುವುದು, ಕಡತ ತೆರೆಯಲು ತಡವಾಗುವುದು, ನುಡಿಯಲ್ಲಿ ಅಕ್ಷರ ನಿಧಾನವಾಗಿ ಮೂಡುವುದು, ಇವುಗಳಲ್ಲಿ ಕಾರ್ಡಿನ ಪಾತ್ರವಿಲ್ಲ.

ಕಿಟಕಿಯನ್ನು ಚಿಕ್ಕದು ಮಾಡಿ ನೋಡಿ

ಸ್ಟೆಲೇರಿಯಂನ ಕೆಳಪಟ್ಟಿಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತಿವೆ ಎಂಬ ಸಂಖ್ಯೆ ಕಾಣುತ್ತದೆ. ತೆರೆಯ ತುಂಬ ಹರಡಿದ ಸ್ಥಿತಿಯಲ್ಲಿ ಆಕಾಶವನ್ನು ಮೌಸ್‌ನಿಂದ ಎಳೆದಾಡುತ್ತ ಆ ಸಂಖ್ಯೆಯನ್ನು ಬರೆದುಕೊಳ್ಳಿ. ಸುಮ್ಮನೆ ಬಿಟ್ಟಾಗ ತಂತ್ರಾಂಶವೇ ವೇಗ ತಗ್ಗಿಸಿಕೊಳ್ಳುವುದರಿಂದ ಎಳೆದಾಡುವುದು ಅಗತ್ಯ. ಈಗ ಕಿಟಕಿಯ ಉದ್ದ ಅಗಲ ಎರಡನ್ನೂ ಅರ್ಧಕ್ಕೆ ಇಳಿಸಿ. ಬಿಂದುಗಳ ಸಂಖ್ಯೆ ಕಾಲು ಭಾಗವಾಯಿತು. ಉಳಿದ ಲೆಕ್ಕಗಳು, ಅಂದರೆ ಗ್ರಹಗಳ ಸ್ಥಾನ, ನಕ್ಷತ್ರಪಟ್ಟಿಯ ಹುಡುಕಾಟ, ಇವೆಲ್ಲ ಬಹುಪಾಲು ಮೊದಲಿನಷ್ಟೇ ಇವೆ. ಮತ್ತೆ ಅಳೆಯಿರಿ.

ದೊಡ್ಡ ಕಿಟಕಿಯಲ್ಲಿ 9 ಇದ್ದದ್ದು ಚಿಕ್ಕದರಲ್ಲಿ 25 ದಾಟಿದರೆ, ತಡೆಯುತ್ತಿರುವುದು ಬಿಂದುಗಳ ಕೆಲಸ; ಕಾರ್ಡ್ ನೆರವಾದೀತು. 9 ಇದ್ದದ್ದು 10 ಆಯಿತು ಎಂದರೆ ಬಿಂದುಗಳಲ್ಲ, ಪ್ರೊಸೆಸರ್ ಸೋಲುತ್ತಿರುವ ಸಾಧ್ಯತೆಯೇ ಹೆಚ್ಚು. ಅಂಥ ಗಣಕಕ್ಕೆ ಎಷ್ಟು ಬೆಲೆಯ ಕಾರ್ಡ್ ಹಾಕಿದರೂ ಹೆಚ್ಚು ಸುಧಾರಣೆ ಕಾಣದು. ಒಂದೇ ಅಂಶವನ್ನು ಬದಲಿಸಿ ಉಳಿದವನ್ನು ಹಾಗೆಯೇ ಇಡುವ ಈ ಕ್ರಮ ಭೌತವಿಜ್ಞಾನದ ಪ್ರಯೋಗಗಳಲ್ಲಿ ನಿಮಗೆ ಪರಿಚಿತವೇ. ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು, ನಾಲ್ಕೈದು ಅಳತೆಯ ಕಿಟಕಿಗಳಲ್ಲಿ ಎಣಿಸಿ ನಕ್ಷೆ ಎಳೆಸಿದರೆ ಇನ್ನೂ ಚೆನ್ನ.

ಎರಡನೆಯ ಪರೀಕ್ಷೆಗೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಸಾಕು. ಗಣಕ ಪರದಾಡುತ್ತಿರುವಾಗ ಡಿಸ್ಕ್ ಎಂಬಲ್ಲಿ 100 ಶೇಕಡ ಕಾಣುತ್ತಿದೆಯೇ ನೋಡಿ. ತಿರುಗುವ ಹಾರ್ಡ್ ಡಿಸ್ಕ್ ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಬಾರಿ ಮಾತ್ರ ಹುಡುಕಿ ತರಬಲ್ಲದು. ಸಾಧಾರಣ ಎಸ್‌ಎಸ್‌ಡಿ ಹತ್ತಾರು ಸಾವಿರ ಬಾರಿ ತರುತ್ತದೆ. ಮೆಮೊರಿ ಎಂಬಲ್ಲಿ 90 ಶೇಕಡ ದಾಟಿದ್ದರೆ ರ‍್ಯಾಮ್ ಸಾಲದು ಎಂದರ್ಥ. ಈ ಎರಡರಲ್ಲಿ ಯಾವುದು ಕಂಡರೂ ಕಾರ್ಡಿನ ಯೋಚನೆಯನ್ನು ಸದ್ಯಕ್ಕೆ ಬಿಡುವುದು ಲೇಸು. ಚಾಮರಾಜನಗರದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡುವ ಗಣಕ ನಿಧಾನವಾಗಿದೆ ಎಂದರೆ ನಾನಂತೂ ಮೊದಲು ಎಸ್‌ಎಸ್‌ಡಿಯನ್ನೇ ಹಾಕಿಸಲು ಹೇಳುತ್ತೇನೆ. ಇನ್ನೊಂದು ಮಾತು: ಕ್ಯಾಬಿನೆಟ್ ತೆರೆದು ಪ್ರೊಸೆಸರ್ ಮೇಲಿನ ಫ್ಯಾನಿನ ದೂಳು ತೆಗೆಯಿರಿ. ಕಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಕೆರೆಯೂ ತೂಬೂ

ಪರೀಕ್ಷೆಯಲ್ಲಿ ಕಾರ್ಡ್ ಬೇಕೆಂದೇ ಬಂದಿತು ಎನ್ನೋಣ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ‘4 ಜಿಬಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಕೆರೆಯ ವಿಸ್ತಾರ. ಗದ್ದೆಗೆ ನೀರು ಎಷ್ಟು ಬೇಗ ಹರಿಯುವುದೆಂಬುದು ತೂಬಿನ ಅಗಲದ ಮೇಲೆ ನಿಂತಿದೆ. ಇಲ್ಲಿ ತೂಬೆಂದರೆ ಸ್ಮೃತಿಯಿಂದ ಸೆಕೆಂಡಿಗೆ ಎಷ್ಟು ಮಾಹಿತಿ ಹೊರಬರುತ್ತದೆ ಎಂಬುದು.

ಕೆಲವು ಅಂಕಿಗಳನ್ನು ನೋಡಿ. 2011ರ ಕೋರ್ ಐ3-2100 ಪ್ರೊಸೆಸರ್ ಇರುವ ಗಣಕದಲ್ಲಿ 1333 ವೇಗದ ಡಿಡಿಆರ್3 ರ‍್ಯಾಮ್ ಪಟ್ಟಿ ಒಂದೇ ಇದ್ದರೆ ಸೆಕೆಂಡಿಗೆ 10.6 ಗಿಗಾಬೈಟ್ ಹರಿಯುತ್ತದೆ. ಅಂಥದೇ ಇನ್ನೊಂದು ಪಟ್ಟಿಯನ್ನು ಸರಿಯಾದ ಗೂಡಿನಲ್ಲಿ ಸೇರಿಸಿದರೆ ಎರಡೂ ಜೊತೆಯಾಗಿ ದುಡಿದು 21.3 ಆಗುತ್ತದೆ. 2016ರಲ್ಲಿ ಬಂದ, ಇಂದಿಗೂ ಅಗ್ಗದ ಕಾರ್ಡ್ ಎಂದು ಹೆಸರಾದ ಜಿಟಿ 710ರ ಡಿಡಿಆರ್3 ಮಾದರಿಯಲ್ಲಿ ಹರಿಯುವುದು 14.4 ಮಾತ್ರ. ಜೋಡಿ ರ‍್ಯಾಮ್ ಪಟ್ಟಿಗಿಂತ ಕಡಿಮೆ! ಕಾರ್ಡಿನ ಸ್ಮೃತಿ ಅದೊಂದರ ಸ್ವಂತದ್ದು, ರ‍್ಯಾಮ್ ಆದರೋ ಪ್ರೊಸೆಸರ್‌ನೊಡನೆ ಹಂಚಿಕೊಳ್ಳುವಂಥದು ಎಂಬ ರಿಯಾಯಿತಿ ಕೊಟ್ಟರೂ ಇದು ದೊಡ್ಡ ಲಾಭವಲ್ಲ.

2017ರ ಜಿಟಿ 1030ರ ಕಥೆ ಇನ್ನೂ ವಿಚಿತ್ರ. ಅದರ ಜಿಡಿಡಿಆರ್5 ಮಾದರಿಯಲ್ಲಿ ಸೆಕೆಂಡಿಗೆ 48 ಗಿಗಾಬೈಟ್ ಹರಿಯುತ್ತದೆ. 2018ರಲ್ಲಿ ಅದೇ ಹೆಸರಿನಲ್ಲಿ ಬಂದ ಡಿಡಿಆರ್4 ಮಾದರಿಯಲ್ಲಿ ಹರಿಯುವುದು 17ಕ್ಕೂ ಕಡಿಮೆ. ಹೆಸರು ಒಂದೇ, ತೂಬು ಮೂರನೆಯ ಒಂದು ಭಾಗ. ಆದ್ದರಿಂದ ‘ಎಷ್ಟು ಜಿಬಿ?’ ಎಂದಷ್ಟೇ ಕೇಳದೆ ‘ಯಾವ ಬಗೆಯ ಸ್ಮೃತಿ?’ ಎಂದೂ ಕೇಳಿ. ಮೇಲಿನ ಮೆಟ್ಟಿಲಿನಲ್ಲಿರುವ ಜಿಟಿಎಕ್ಸ್ 1050 ಟಿಐ 112, ಜಿಟಿಎಕ್ಸ್ 1650 ಸುಮಾರು 128 ಗಿಗಾಬೈಟ್ ಹರಿಸುತ್ತವೆ.

ವಿದ್ಯುತ್ತಿನ ಲೆಕ್ಕ

ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಗೂಡು ಗರಿಷ್ಠ 75 ವಾಟ್ ಕೊಡಬಲ್ಲದು. ಅದಕ್ಕೂ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಆರು ಸೂಜಿಯ ತಂತಿ ಬೇಕು; ಹಳೆಯ ಗಣಕಗಳಲ್ಲಿ ಅದು ಇರುವುದೇ ಅಪರೂಪ. ಆದ್ದರಿಂದ ಆ ತಂತಿ ಬೇಡದ ಕಾರ್ಡಿಗೇ ನಿಮ್ಮ ಆಯ್ಕೆಯನ್ನು ಸೀಮಿತಗೊಳಿಸಿ.

ಎಸ್‌ಎಂಪಿಎಸ್ ಮೇಲೆ ‘450’ ಎಂದು ಬರೆದಿದ್ದರೆ ನಂಬಿ ಕೂರಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಎಂಬ ಸಾಲಿನ ಆಂಪಿಯರ್ ಓದಿ. 14 ಆಂಪಿಯರ್ ಎಂದಿದ್ದರೆ 12 × 14 = 168 ವಾಟ್. ಪ್ರೊಸೆಸರ್ ಮತ್ತು ಕಾರ್ಡ್ ಬಹುಪಾಲು ಈ ಸಾಲಿನಿಂದಲೇ ವಿದ್ಯುತ್ ಪಡೆಯುತ್ತವೆ. ಐ3-2100ಕ್ಕೆ 65, ಜಿಟಿಎಕ್ಸ್ 1050 ಟಿಐಗೆ 75, ಡಿಸ್ಕ್ ಮತ್ತು ಫ್ಯಾನುಗಳಿಗೆ ಅಂದಾಜು 20; ಒಟ್ಟು 160. ವರ್ಷಗಟ್ಟಲೆ ದುಡಿದ ಎಸ್‌ಎಂಪಿಎಸ್‌ಗೆ ಇದು ಅಂಚಿನ ಮೇಲಿನ ನಡಿಗೆ. ಅದೇ ಜಾಗದಲ್ಲಿ 30 ವಾಟ್‌ನ ಜಿಟಿ 1030 ಹಾಕಿದರೆ 115ಕ್ಕೆ ನಿಲ್ಲುತ್ತದೆ. ಕರೆಂಟು ಹೋದಾಗ ಯುಪಿಎಸ್ ಮೇಲೆ ಎಷ್ಟು ನಿಮಿಷ ನಡೆಯುತ್ತದೆ ಎಂಬುದೂ ಇದೇ ಲೆಕ್ಕವನ್ನು ಅವಲಂಬಿಸಿದೆ.

ಕಚೇರಿಗಳಿಂದ ಹೊರಬಿದ್ದು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಮಾರುಕಟ್ಟೆಗಳ ಮೂಲಕ ಬರುವ ಸಣಕಲು ಕ್ಯಾಬಿನೆಟ್ಟಿನ ಗಣಕಗಳಿಗೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ. ಅಳತೆಪಟ್ಟಿ ಹಿಡಿದು ಗೂಡಿನ ಮುಂದಿನ ಉದ್ದವನ್ನೂ ಅಳೆದುಕೊಳ್ಳಿ.

ಹೊಂದಾಣಿಕೆಯ ತೊಡಕುಗಳು

ಹೊಸ ಕಾರ್ಡ್ ಎಂದರೆ ಒಳ್ಳೆಯ ಕಾರ್ಡ್ ಎಂದು ಹಳೆಯ ಗಣಕದ ಮಟ್ಟಿಗೆ ಹೇಳಲಾಗದು. 2022ರ ಆರ್‌ಎಕ್ಸ್ 6400 ಕಾರ್ಡ್ ಗೂಡಿನ 16 ಓಣಿಗಳಲ್ಲಿ ನಾಲ್ಕನ್ನಷ್ಟೇ ಬಳಸುತ್ತದೆ. ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕನೆಯ ಆವೃತ್ತಿಯಲ್ಲಿ ಓಣಿಯೊಂದಕ್ಕೆ ಸೆಕೆಂಡಿಗೆ ಸುಮಾರು 2 ಗಿಗಾಬೈಟ್ ಸಿಗುವುದರಿಂದ ಅಲ್ಲಿ ತೊಂದರೆಯಿಲ್ಲ. ಎರಡನೆಯ ಆವೃತ್ತಿಯ ಹಳೆಯ ಮದರ್‌ಬೋರ್ಡಿನಲ್ಲಿ ಓಣಿಗೆ ಅರ್ಧ ಗಿಗಾಬೈಟ್. ನಾಲ್ಕಕ್ಕೆ ಒಟ್ಟು ಎರಡೇ ಗಿಗಾಬೈಟ್. ಯುಇಎಫ್‌ಐ ಇಲ್ಲದ ಹಳೆಯ ಬಯಾಸ್‌ನ ಮದರ್‌ಬೋರ್ಡುಗಳಲ್ಲಿ ಕೆಲವು ಹೊಸ ಕಾರ್ಡುಗಳು ಚಿತ್ರವನ್ನೇ ಕೊಡದಿರುವುದೂ ಉಂಟು.

ಚಾಲಕ ತಂತ್ರಾಂಶದ ಆಯಸ್ಸನ್ನೂ ಗಮನಿಸಬೇಕು. ಜಿಟಿ 710ರ ತಲೆಮಾರಿಗೆ ಎನ್‌ವಿಡಿಯಾದ ಭದ್ರತಾ ತಿದ್ದುಪಡಿಗಳು 2024ರಲ್ಲಿ ನಿಂತವು. ಜಿಟಿ 1030 ಮತ್ತು 1050 ಟಿಐಗಳಿಗೆ 2025ರ ಅಕ್ಟೋಬರ್ ನಂತರ ಹೊಸ ಸುಧಾರಣೆಗಳಿಲ್ಲ, ಭದ್ರತಾ ತಿದ್ದುಪಡಿ ಮಾತ್ರ 2028ರ ಅಕ್ಟೋಬರ್‌ವರೆಗೆ ಎಂದು ಕಂಪನಿ ಪ್ರಕಟಿಸಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಕಾರ್ಡ್ ಹಾಕಿದರೆ ವಿಂಡೋಸ್ 11 ಹಾಕಬಹುದು ಎಂಬ ಮಾತನ್ನು ಕೇಳಿದ್ದರೆ ಮರೆತುಬಿಡಿ; ಅದಕ್ಕೆ ಅಡ್ಡಿಯಾಗಿರುವುದು ಪ್ರೊಸೆಸರ್‌ನ ತಲೆಮಾರು ಮತ್ತು ಟಿಪಿಎಂ 2.0. ಇಂಥ ಗಣಕಕ್ಕೆ ಲಿನಕ್ಸ್ ಹಾಕುವುದೇ ನೇರವಾದ ದಾರಿ.

ಪ್ರೊಜೆಕ್ಟರ್ ಬಳಸುವ ಶಿಕ್ಷಕರು ಇದನ್ನು ವಿಶೇಷವಾಗಿ ನೋಡಬೇಕು: ಜಿಟಿ 1030ರಿಂದ ಮುಂದಿನ ಕಾರ್ಡುಗಳಲ್ಲಿ ಹಳೆಯ ನೀಲಿ ವಿಜಿಎ ಕಿಂಡಿ ಇಲ್ಲ. ಶಾಲೆಯ ಮಾನಿಟರ್, ಪ್ರೊಜೆಕ್ಟರ್‌ಗಳಿಗೆ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಪರಿವರ್ತಿಸುವ ಸಾಧನದ ಖರ್ಚನ್ನೂ ಸೇರಿಸಿಕೊಳ್ಳಿ.

ಯಾರು ಕೊಳ್ಳಬಹುದು?

ಕಾರ್ಡಿಲ್ಲದೆ ಕೆಲಸವೇ ಆಗದ ಸಂದರ್ಭಗಳಿವೆ. ಬ್ಲೆಂಡರ್ ಎಂಬ ಉಚಿತ ತ್ರಿಮಿತೀಯ ಚಿತ್ರಣ ತಂತ್ರಾಂಶಕ್ಕೆ 2019ರ 2.80ನೆಯ ಆವೃತ್ತಿಯಿಂದ ಓಪನ್‌ಜಿಎಲ್ 3.3 ಬೇಕು, ಈಚಿನ ಆವೃತ್ತಿಗಳಿಗೆ ಇನ್ನೂ ಹೆಚ್ಚಿನದು. ಐ3-2100ರ ಒಳಗಿನ ಗ್ರಾಫಿಕ್ಸ್ ವಿಂಡೋಸ್‌ನಲ್ಲಿ 3.1ಕ್ಕೇ ನಿಲ್ಲುತ್ತದೆ. ಬ್ಲೆಂಡರ್ ಕಲಿಯಬೇಕೆಂದಿರುವ ಗುಂಡ್ಲುಪೇಟೆಯ ಪದವಿಪೂರ್ವ ವಿದ್ಯಾರ್ಥಿಗೆ ಇಲ್ಲಿ ಕಾರ್ಡ್ ಆಡಂಬರವಲ್ಲ.

ಮದುವೆಯ ವಿಡಿಯೊ ಸಂಕಲಿಸುವ ಸ್ಟುಡಿಯೊದವರ ವಿಷಯ ಬೇರೆ. ಅವರಿಗೆ ಬೇಕಾದದ್ದು ವಿಡಿಯೊವನ್ನು ಅಡಕಗೊಳಿಸಿ ಹೊರತರುವ ಯಂತ್ರಾಂಶ. ಅದು 1050 ಟಿಐ, 1650ಗಳಲ್ಲಿ ಇದೆ. ಜಿಟಿ 1030ರಲ್ಲಾಗಲಿ ಆರ್‌ಎಕ್ಸ್ 6400ರಲ್ಲಾಗಲಿ ಇಲ್ಲ. ಯೂಟ್ಯೂಬ್ ಪಾಠಗಳು ತಡವರಿಸುತ್ತವೆ ಎನ್ನುವವರು ಮೊದಲು ಗುಣಮಟ್ಟವನ್ನು 1080ರಿಂದ 720ಕ್ಕೋ 480ಕ್ಕೋ ಇಳಿಸಿ ನೋಡಲಿ. ಅದಕ್ಕೆಂದೇ ಜಿಟಿ 710 ತಂದರೆ ನಿರಾಶೆ ಖಚಿತ: ಯೂಟ್ಯೂಬ್ ಹೆಚ್ಚಾಗಿ ಕಳುಹಿಸುವ ವಿಪಿ9 ರೂಪವನ್ನು ಬಿಡಿಸುವ ಭಾಗ ಅದರಲ್ಲಿಲ್ಲ. ಜಿಟಿ 1030ರಲ್ಲಿದೆ.

ಬಳಸಿದ ಕಾರ್ಡ್ ಕೊಳ್ಳುವುದಾದರೆ ಸಾಧ್ಯವಾದಷ್ಟೂ ನಿಮ್ಮ ಕ್ಯಾಬಿನೆಟ್ಟನ್ನೇ ಅಂಗಡಿಗೆ ಒಯ್ಯಿರಿ. ಹಳೆಯ ಚಿಪ್‌ನೊಳಗಿನ ಬರಹವನ್ನು ತಿದ್ದಿ 1050 ಟಿಐ ಎಂದು ಮಾರುವ ನಕಲಿಗಳಿವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ 2018ರಿಂದ ಇಂಥವನ್ನು ಗುರುತಿಸಿ ಎಚ್ಚರಿಸುತ್ತದೆ. ಅಂಗಡಿಯವರ ಎದುರಿನಲ್ಲೇ ಅದನ್ನು ಓಡಿಸಿ. ಎಷ್ಟು ದಿನದೊಳಗೆ ಹಿಂದಿರುಗಿಸಬಹುದೆಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಮನೆಗೆ ಬಂದು ಕಾರ್ಡ್ ಕೂರಿಸಿದ ಮೇಲೆ ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿನಿಂದ ಬಿಡಿಸಿ ಕಾರ್ಡಿಗೆ ಜೋಡಿಸಿ. ಹಾಗೇ ಬಿಟ್ಟರೆ ಕಾರ್ಡ್ ಸುಮ್ಮನೆ ಕೂತಿರುತ್ತದೆ. ಅನಂತರ ಅದೇ ಸ್ಟೆಲೇರಿಯಂ, ಅದೇ ಅಳತೆಯ ಕಿಟಕಿ. ಬರೆದಿಟ್ಟ ಸಂಖ್ಯೆಯ ಪಕ್ಕದಲ್ಲಿ ಹೊಸ ಸಂಖ್ಯೆಯನ್ನು ಬರೆಯಿರಿ, ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ.