ಜಟ್ಲೆಂಡ್ ಕದನವೂ ಅದರ ಚರಿತ್ರೆಕಾರರೂ

ನೆಲದ ಮೇಲೆ ನಡೆದ ಯುದ್ಧವು ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ಕೋಟೆಯ ಗೋಡೆ, ಕಂದಕ, ವೀರಗಲ್ಲು, ಇವುಗಳಲ್ಲಿ ಯಾವುದಾದರೊಂದು ಚರಿತ್ರೆಕಾರನಿಗೆ ಆಸರೆಯಾಗುವುದುಂಟು. ಕಡಲಿನಲ್ಲಿ ಅಂತಹ ಅನುಕೂಲವಿಲ್ಲ. ಹಡಗುಗಳು ಚದರಿದೊಡನೆ ರಣರಂಗವೇ ಇಲ್ಲವಾಗುತ್ತದೆ. ಮುಖ್ಯವಾಗಿ ಉಳಿಯುವುದು ಹಡಗಿನ ದಿನಚರಿ, ಸಂಕೇತಗಳ ದಾಖಲೆ ಮತ್ತು ಅಧಿಕಾರಿಗಳ ವರದಿ. ಇವೆಲ್ಲವೂ ಕಾದಾಡಿದವರೇ ಬರೆದವು. ಆದುದರಿಂದ ಆ ಕಾಗದಪತ್ರಗಳು ಯಾರ ವಶದಲ್ಲಿವೆ ಎಂಬುದು ನೌಕಾಚರಿತ್ರೆಯಲ್ಲಿ ಸಣ್ಣ ಮಾತಲ್ಲ.

1916ರ ಮೇ 31ರಂದು ಉತ್ತರ ಸಮುದ್ರದಲ್ಲಿ ಮೊದಲಾದ ಜಟ್ಲೆಂಡ್ ಕದನವು ಇದಕ್ಕೆ ಒಳ್ಳೆಯ ನಿದರ್ಶನ. ಬ್ರಿಟಿಷರ 151 ಹಡಗುಗಳೂ ಜರ್ಮನರ 99 ಹಡಗುಗಳೂ ಅಲ್ಲಿ ಎದುರುಬದುರಾದವು. ಬ್ರಿಟಿಷರು 14 ಹಡಗುಗಳನ್ನೂ 6,000ಕ್ಕೂ ಮಿಕ್ಕ ಜನರನ್ನೂ ಕಳೆದುಕೊಂಡರು. ಜರ್ಮನರಿಗೆ ಆದ ನಷ್ಟ 11 ಹಡಗುಗಳು, 2,500ಕ್ಕೂ ಮಿಕ್ಕ ಜನ. ಆದರೂ ಬಂದರಿಗೆ ಹಿಮ್ಮೆಟ್ಟಿದುದು ಜರ್ಮನ್ ನೌಕಾಬಲವೇ. ಕಡಲಿನ ಒಡೆತನ ಬ್ರಿಟನ್ನಿನ ಕೈಯಲ್ಲಿಯೇ ಉಳಿಯಿತು. ಶತ್ರುವು ತಪ್ಪಿಸಿಕೊಂಡುದಕ್ಕೆ ಹೊಣೆ ಯಾರದು, ಮಹಾನೌಕಾಬಲದ ಅಧಿಪತಿ ಜೆಲಿಕೋ ಅವರದೋ, ಮುಂಪಡೆಯನ್ನು ನಡೆಸಿದ ಬೀಟಿ ಅವರದೋ? ಇಂಗ್ಲೆಂಡನ್ನು ಬಹುಕಾಲ ಕಾಡಿದ ಪ್ರಶ್ನೆ ಇದು.

ಇಂತಹ ಪ್ರಶ್ನೆಗಳನ್ನು ನೌಕಾಧಿಕಾರಿಗಳು ತಮ್ಮಲ್ಲಿಯೇ ವಿಚಾರಮಾಡಲು ಒಂದು ವೇದಿಕೆ ಆಗಲೇ ಸಿದ್ಧವಾಗಿತ್ತು. ಹರ್ಬರ್ಟ್ ರಿಚ್ಮಂಡ್, ಕೆನೆತ್ ಡ್ಯೂವರ್ ಮೊದಲಾದ ಅಧಿಕಾರಿಗಳು 1912ರಲ್ಲಿ ಕೂಡಿ, ಮರುವರ್ಷ 'ನೇವಲ್ ರಿವ್ಯೂ' ಎಂಬ ತ್ರೈಮಾಸಿಕವನ್ನು ಹೊರಡಿಸಿದರು. ಅಡ್ಮಿರಲ್ ಹೆಂಡರ್ಸನ್ ಅದರ ಸಂಪಾದಕರು. (ಭಾರತದಲ್ಲಿ ಸೇನಾಧಿಕಾರಿಗಳ ಚರ್ಚೆಗೆಂದು ಹುಟ್ಟಿದ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಇದಕ್ಕಿಂತ ಹಿರಿದು, ಅದು 1870ರಲ್ಲಿ ಸಿಮ್ಲಾದಲ್ಲಿ ಸ್ಥಾಪಿತವಾಯಿತು.) 'ನೇವಲ್ ರಿವ್ಯೂ' ಸದಸ್ಯರಿಗೆ ಮಾತ್ರ ಮೀಸಲು, ಲೇಖನಗಳಿಗೆ ಲೇಖಕರ ಹೆಸರಿರುತ್ತಿರಲಿಲ್ಲ. ಅಡ್ಮಿರಲ್ಲನ ತಪ್ಪನ್ನು ಕಿರಿಯ ಲೆಫ್ಟಿನೆಂಟನು ಹೆಸರುಹಾಕಿ ಎತ್ತಿ ತೋರಿಸುವುದು ಹೇಗೆ? ಇಷ್ಟು ಎಚ್ಚರದಿಂದ ನಡೆದ ಪತ್ರಿಕೆಯನ್ನೂ ಯುದ್ಧದ ನೆಪದಿಂದ 1915ರಲ್ಲಿ ನಿಲ್ಲಿಸಲಾಯಿತು. ಅದು ಮತ್ತೆ ಬೆಳಕು ಕಂಡುದು 1919ರಲ್ಲಿ.

ಅದೇ ವರ್ಷ ಕದನದ ಅಧಿಕೃತ ವೃತ್ತಾಂತವನ್ನು ಸಿದ್ಧಪಡಿಸುವ ಕೆಲಸ ಕ್ಯಾಪ್ಟನ್ ಹಾರ್ಪರ್ ಅವರ ಪಾಲಿಗೆ ಬಂದಿತು. ಅವರು ನೌಕಾಯಾನಶಾಸ್ತ್ರದಲ್ಲಿ ಪರಿಣತರು, ಜಟ್ಲೆಂಡಿನಲ್ಲಿ ಇದ್ದವರಲ್ಲ. ಹಡಗುಗಳ ದಿನಚರಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆದುದರಿಂದ ಮುಳುಗಿದ 'ಇನ್ವಿನ್ಸಿಬಲ್' ನೌಕೆಯ ಅವಶೇಷವನ್ನು ಕಡಲ ತಳದಲ್ಲಿ ಹುಡುಕಿಸಿ, ಆ ಸ್ಥಿರಬಿಂದುವನ್ನು ಹಿಡಿದು ನಕ್ಷೆಯನ್ನು ತಿದ್ದಿದರು. ಚರಿತ್ರೆಕಾರನು ಮಾಡತಕ್ಕ ಕೆಲಸ ಇದೇ ಅಲ್ಲವೆ? ಆದರೆ ಆ ವರ್ಷದ ಕೊನೆಯಲ್ಲಿ ಬೀಟಿ ಅವರೇ ನೌಕಾಡಳಿತದ ಅಗ್ರಾಧಿಕಾರಿಯಾದರು. ತಮ್ಮ ನೌಕೆ 'ಲಯನ್' ಆ ಸಂಜೆ ಒಂದು ಪೂರ್ಣ ಸುತ್ತು ಸುತ್ತಿತೆಂದು ಹಾರ್ಪರರ ದಾಖಲೆ ಹೇಳುತ್ತಿತ್ತು; ಬೀಟಿ ಅದನ್ನು ಒಪ್ಪಲಿಲ್ಲ, ತಿದ್ದುಪಡಿಗಳನ್ನು ಬಯಸಿದರು. ಹಾರ್ಪರ್ ಲಿಖಿತ ಆಜ್ಞೆಯಿಲ್ಲದೆ ತಿದ್ದಲು ಒಪ್ಪಲಿಲ್ಲ. ಗ್ರಂಥವು ಅಚ್ಚಾಗಿ ಹೊರಬಂದುದು 1927ರಲ್ಲಿ.

ನೌಕಾಡಳಿತದ ಹೊರಗಿನವರಿಗೂ ನಿರಾತಂಕವಿರಲಿಲ್ಲ. ಜೂಲಿಯನ್ ಕಾರ್ಬೆಟ್ ನ್ಯಾಯಶಾಸ್ತ್ರವನ್ನು ಓದಿದವರು, ಕಡಲ ಉದ್ಯೋಗದವರಲ್ಲ. ಕಡಲ ಮಾರ್ಗಗಳ ಹತೋಟಿಯೇ ಗುರಿ, ಕದನವು ಅದಕ್ಕೆ ಸಾಧನ ಮಾತ್ರ ಎಂಬುದು ಅವರ ಸಿದ್ಧಾಂತ. ಜಟ್ಲೆಂಡನ್ನು ಕುರಿತ ಅವರ ಸಂಪುಟ ಅವರು ತೀರಿಕೊಂಡ ಮರುವರ್ಷ, 1923ರಲ್ಲಿ, ಪ್ರಕಟವಾಯಿತು. ಅದರ ಮೊದಲಿಗೇ, ಕದನದ ಮಹತ್ವವನ್ನು ಕುಗ್ಗಿಸುವ ಈ ತತ್ತ್ವ ತಮಗೆ ಸಮ್ಮತವಲ್ಲವೆಂದು ಅಡ್ಮಿರಾಲ್ಟಿಯವರು ಒಕ್ಕಣೆ ಹಾಕಿಸಿದರು. ತಾವೇ ಬರೆಯಿಸಿದ ಗ್ರಂಥಕ್ಕೆ ತಮ್ಮದೇ ತಕರಾರು!

'ನೇವಲ್ ರಿವ್ಯೂ'ವಿನ ಸ್ಥಾಪಕರಲ್ಲೊಬ್ಬರಾದ ಕೆನೆತ್ ಡ್ಯೂವರ್ ತಮ್ಮ ಸೋದರ ಆಲ್ಫ್ರೆಡ್ಡರೊಡನೆ ಬರೆದ ವಿಮರ್ಶೆಯ ಗತಿಯಂತೂ ಇನ್ನೂ ವಿಚಿತ್ರ. 1922ರಲ್ಲಿ ಮುಗಿದ ಆ ಗ್ರಂಥ ಜೆಲಿಕೋ ಅವರ ವಿಷಯದಲ್ಲಿ ಬಹಳ ಕಟುವಾಗಿತ್ತು. ಅಧಿಕಾರಿಗಳು ಅದನ್ನು ಗುಪ್ತವಾಗಿಟ್ಟು, ಮೆದುಗೊಳಿಸಿದ ಮತ್ತೊಂದು ಕಥನವನ್ನು 1924ರಲ್ಲಿ ಹೊರತಂದರು. ಅದಕ್ಕೆ ಜೆಲಿಕೋ ಅವರ ಆಕ್ಷೇಪಗಳು ಅನುಬಂಧವಾಗಿ ಸೇರಿದವು. ಆ ಆಕ್ಷೇಪಗಳಿಗೆ ಅಡ್ಮಿರಾಲ್ಟಿಯ ಅಡಿಟಿಪ್ಪಣಿಗಳೂ ಸೇರಿದವು. ಬೀಟಿ ಅವರ ನಂತರ ಆ ಸ್ಥಾನಕ್ಕೆ ಬಂದ ಮ್ಯಾಡನ್ನರು ಜಟ್ಲೆಂಡಿನಲ್ಲಿ ಜೆಲಿಕೋ ಅವರ ಮುಖ್ಯ ಸಹಾಯಕರು. ಇಬ್ಬರ ಪತ್ನಿಯರೂ ಅಕ್ಕತಂಗಿಯರು. ಅವರ ಕಾಲದಲ್ಲಿ ಡ್ಯೂವರ್ ಸೋದರರ ಗ್ರಂಥದ ಪ್ರತಿಗಳನ್ನು ನಾಶಗೊಳಿಸಲು ಆಜ್ಞೆಯಾಯಿತು. ಆದರೂ ಬೆರಳೆಣಿಕೆಯ ಪ್ರತಿಗಳು ಹೇಗೋ ಉಳಿದುಕೊಂಡವು. ಕದನ ನಡೆದು ಸರಿಯಾಗಿ ನೂರು ವರ್ಷಗಳಾದ ಮೇಲೆ, 2016ರಲ್ಲಿ, ಆ ಗ್ರಂಥವು ಎಲ್ಲರೂ ಓದುವಂತೆ ಅಚ್ಚಾಯಿತು.