ಪೇಂಟರ್ ಆಲ್ಬಮ್ಮು ಎಲ್ಲಿ ಹೋಯ್ತು?

ದಾವಣಗೆರೆಯ ಗಡಿಯಾರ ಕಂಬದಿಂದ ಮಂಡಿಪೇಟೆ ಕಡೆ ನಡೆದು ಹೋಗುವ ಓದುಗರು ಒಮ್ಮೆ ತಲೆ ಎತ್ತಿ ನೋಡಬೇಕು. ಫ್ಲೆಕ್ಸುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ತಗಡಿನ ಬೋರ್ಡು ಇನ್ನೂ ಉಳಿದಿದೆ. ಬಣ್ಣ ಮಾಸಿದ್ದರೂ ಅಕ್ಷರ ಮಾಸಿಲ್ಲ. ಬಲಗಡೆ ಕೆಳಮೂಲೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಕೆ, ಬರೆದವನ ಸಹಿ. ಪಕ್ಕದಲ್ಲಿ ಹಳೇ ಕಾಲದ ಫೋನ್ ನಂಬರು. ಆ ನಂಬರಿಗೆ ಈಗ ಯಾರೂ ‘ಹಲೋ’ ಅನ್ನುವುದಿಲ್ಲ.

ಅಂಥ ಸಹಿ ಹಾಕುತ್ತಿದ್ದ ಪೇಂಟರೊಬ್ಬರು ಮೊನ್ನೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ವಯಸ್ಸು ಅರವತ್ತರ ಹತ್ತಿರ. ಹೆಸರು ಹಾಕಬೇಡಿ ಅಂದರು, ಹಾಕಿಲ್ಲ. ಕೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ವಿಸಿಟಿಂಗ್ ಕಾರ್ಡಿನ ಕಟ್ಟು.

“ಐನೂರು ಕಾರ್ಡು ಹೊಡಿಸಿದ್ದೆ ಸರ್. ಇದ್ರಾಗಿರೋ ಅಡ್ರೆಸ್ಸೇ ಸತ್ತು ಹೋಗೈತೆ. ಏನ್ ಮಾಡ್ಲಿ ಹೇಳ್ರಿ” ಅಂದರು.

ಮನೆ ಅಡ್ರೆಸ್ಸಲ್ಲ ಸ್ವಾಮಿ, ಇಂಟರ್ನೆಟ್ಟಿನ ಅಡ್ರೆಸ್ಸು!

ಇವರ ಕಥೆ ಕೇಳಿ. ಒಂದು ಕಾಲದಲ್ಲಿ ಇವರ ಚೀಲದಲ್ಲಿ ಯಾವಾಗಲೂ ಒಂದು ಆಲ್ಬಮ್ ಇರುತ್ತಿತ್ತು. ಬರೆದ ಬೋರ್ಡಿನ ಎದುರು ಸ್ಟುಡಿಯೋದವನನ್ನು ನಿಲ್ಲಿಸಿ ತೆಗೆಸಿದ ಫೋಟೋಗಳು. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ರೈಸ್ ಮಿಲ್ಲು, ಶಾಲೆಯ ಗೋಡೆ. ಹೊಸ ಅಂಗಡಿ ಇಡುವವರು ಆಲ್ಬಮ್ ತಿರುವಿ “ಇಂಥಾದ್ದು ಬರಕೊಡ್ರಿ” ಅಂತ ಬೆರಳಿಟ್ಟು ತೋರಿಸುತ್ತಿದ್ದರು. ದರದ ಮಾತು ಆಮೇಲೆ. ಈಗಿನ ಹುಡುಗರು ‘ಪೋರ್ಟ್‌ಫೋಲಿಯೋ’ ಅನ್ನುತ್ತಾರಲ್ಲ, ಅದು ಇದೇ. ಹೆಸರು ಹೊಸದು, ಸಾಮಾನು ಹಳೇದು.

ಫ್ಲೆಕ್ಸ್ ಮಿಶೀನು ಬಂತು. ನಾಲ್ಕು ದಿನದ ಕೆಲಸ ನಾಲ್ಕು ನಿಮಿಷಕ್ಕೆ ಇಳಿಯಿತು. ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು ಅನ್ನುವುದು ಕಾಗದದ ಮಾತು. ನಮ್ಮ ರಸ್ತೆಯ ಕಂಬಗಳನ್ನು ನೋಡಿದವರಿಗೆ ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪೇಂಟರು ಮನೆಗಳಿಗೆ ಡಿಸ್ಟೆಂಪರ್ ಬಳಿಯಲು ಹೋದರು. ಆಲ್ಬಮ್ಮಿಗೆ ಅಟ್ಟದ ಮೇಲೆ ಗೆದ್ದಲು ಹಿಡಿಯಿತು. ಉಳಿದದ್ದು ಹನ್ನೊಂದೇ ಫೋಟೋ.

ಲಾಕ್‌ಡೌನ್ ಮುಗಿದ ಮೇಲೆ ಬಿ.ಕಾಂ. ಓದುತ್ತಿದ್ದ ಮಗಳು ಒಂದು ಕೆಲಸ ಮಾಡಿದಳು. ಆ ಹನ್ನೊಂದು ಫೋಟೋಗಳನ್ನು ಮೊಬೈಲಿನಲ್ಲಿ ಹಿಡಿದಳು. ಊರೊಳಗೆ ಉಳಿದಿದ್ದ ಅಪ್ಪನ ಬೋರ್ಡುಗಳನ್ನು ಹುಡುಕಿಕೊಂಡು ಹೋಗಿ ಇನ್ನೊಂದಿಷ್ಟು ಹಿಡಿದಳು. ಗೂಗಲ್ ನಕ್ಷೆಯಲ್ಲಿ ಅಪ್ಪನ ಕಸುಬನ್ನು ನೋಂದಾಯಿಸಿ, ಅದರ ಜೊತೆ ಪುಕ್ಕಟೆ ಸಿಗುತ್ತಿದ್ದ ಒಂದು ಪುಟವನ್ನೂ ಕಟ್ಟಿದಳು. ಪುಟದಲ್ಲಿ ಅಪ್ಪ ಹೇಳಿದ್ದನ್ನೆಲ್ಲ ಬರೆದಳು. ಯಾವ ಬೋರ್ಡು, ಎಷ್ಟು ಅಡಿ, ಎಷ್ಟು ದಿನ, ಎನಾಮಲ್ ಎಷ್ಟು ಕೋಟು.

ಫೋನು ಬರತೊಡಗಿತು. ಬೆಂಗಳೂರಿನ ಒಂದು ಕಾಫಿ ಅಂಗಡಿಯವರು “ಫ್ಲೆಕ್ಸ್ ಬೇಡ, ಹಳೇ ಥರ ಕೈಯಲ್ಲೇ ಬರೀಬೇಕು” ಅಂದರಂತೆ. ಮಲೆನಾಡಿನ ಹೋಂಸ್ಟೇ ಒಂದರಿಂದಲೂ ಕರೆ ಬಂತು. ರಾತ್ರಿ ಬಸ್ಸಿಗೆ ಬ್ರಷ್ಷಿನ ಡಬ್ಬಿ ಹಿಡಿದು ಹತ್ತಿದ ಪೇಂಟರು, ಊರಲ್ಲಿ ಎರಡು ತಿಂಗಳಿಗೆ ಸಿಗುತ್ತಿದ್ದುದನ್ನು ಒಂದು ವಾರದಲ್ಲಿ ತಂದರು. ಆ ಖುಷಿಯಲ್ಲೇ ಐನೂರು ಕಾರ್ಡು.

*

ಈಗ ತಾರೀಖುಗಳನ್ನು ಗಮನಿಸಿ. 2024ರ ಫೆಬ್ರವರಿಯಲ್ಲಿ ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅನ್ನುವ ತಿದ್ದುಪಡಿ ವಿಧಾನಮಂಡಲದಲ್ಲಿ ಪಾಸಾಯಿತು. ರಾಜ್ಯದ ಅಂಗಡಿಕಾರರೆಲ್ಲ ಬೋರ್ಡು ಬರೆಯುವವರು ಯಾರಿದ್ದಾರೆ ಅಂತ ಹುಡುಕುವ ಹೊತ್ತು. ಕನ್ನಡ ಅಕ್ಷರವೇ ಕಸುಬಾದ ಮನುಷ್ಯನಿಗೆ ಇದಕ್ಕಿಂತ ಸುಗ್ಗಿ ಉಂಟೆ?

ಸರಿಯಾಗಿ ಮುಂದಿನ ತಿಂಗಳು, 2024ರ ಮಾರ್ಚಿನಲ್ಲಿ, ಗೂಗಲ್ ಕಂಪನಿ ಆ ಪುಕ್ಕಟೆ ಪುಟಗಳನ್ನೆಲ್ಲ ಜಗತ್ತಿನಾದ್ಯಂತ ಮುಚ್ಚಿತು. 2017ರಲ್ಲಿ ಕೊಟ್ಟ ಸವಲತ್ತು ಅದು. ಜೂನ್ 10ರವರೆಗೆ ಹಳೇ ಅಡ್ರೆಸ್ಸಿಗೆ ಹೋದವರನ್ನು ನಕ್ಷೆಯ ಪ್ರೊಫೈಲಿಗೆ ದಾಟಿಸಿತು, ಆಮೇಲೆ ಅದೂ ಇಲ್ಲ. ಮುಚ್ಚುತ್ತೇವೆ ಅಂತ ಕಂಪನಿ ಮೊದಲೇ ತಿಳಿಸಿತ್ತು. ಆದರೆ ಇಂಗ್ಲಿಷಿನ ಇ-ಮೇಲ್ ಓದುವವರು ಯಾರು? ಮಗಳು ಅಷ್ಟೊತ್ತಿಗೆ ಮದುವೆಯಾಗಿ ಗಂಡನ ಮನೆಯಲ್ಲಿದ್ದಳು. ಫೋಟೋಗಳೇನೋ ನಕ್ಷೆಯಲ್ಲಿ ಉಳಿದಿವೆ. ಅಪ್ಪ ಹೇಳಿ ಬರೆಸಿದ ಮಾತೆಲ್ಲ ಹೋಯಿತು. ಕಾರ್ಡಿನ ಅಡ್ರೆಸ್ಸು ಒತ್ತಿದವರಿಗೆ ಖಾಲಿ ಪುಟ. ಅಂಗಡಿ ಬಾಗಿಲು ಹಾಕಿದ್ದಾರೆ ಅಂತ ಎಷ್ಟು ಜನ ವಾಪಸು ಹೋದರೋ, ಲೆಕ್ಕ ಇಟ್ಟವರಿಲ್ಲ.

ಇದರಲ್ಲಿ ಯಾರ ತಪ್ಪು? ಬಾಡಿಗೆಯನ್ನೂ ಕೊಡದೆ ಇನ್ನೊಬ್ಬರ ಕಟ್ಟೆ ಮೇಲೆ ಅಂಗಡಿ ಇಟ್ಟರೆ, ಕಟ್ಟೆ ಯಜಮಾನ ಏಳು ಅಂದಾಗ ಏಳಲೇಬೇಕು. ಇದು ಮೊದಲ ಸಲವೂ ಅಲ್ಲ. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆಪ್‌ಗಳನ್ನು ನಿಷೇಧಿಸಿದಾಗ ನಮ್ಮ ಜಿಲ್ಲೆಯಲ್ಲೇ ಮೇಕಪ್ ಮಾಡುವ ಹೆಣ್ಣುಮಕ್ಕಳು, ಡ್ಯಾನ್ಸ್ ಕಲಿಸುವ ಹುಡುಗರು ತಮ್ಮ ಕೆಲಸದ ಗುರುತನ್ನೆಲ್ಲ ರಾತ್ರೋರಾತ್ರಿ ಕಳೆದುಕೊಂಡರು. ದೇಶದ ಭದ್ರತೆಯ ಮಾತು ಬೇರೆ. ವೀಡಿಯೋದ ನಕಲು ಬೇರೆ ಕಡೆ ಇಟ್ಟುಕೊಂಡಿದ್ದವರು ಮಾತ್ರ ಬದುಕಿಕೊಂಡರು.

ನಿಮ್ಮ ಈ ವರದಿಗಾರನೂ ಬೆಪ್ಪನಾದವನೇ. ಕೆಲ ವರ್ಷದ ಹಿಂದೆ ಬರೆದದ್ದನ್ನೆಲ್ಲ ಒಂದೆಡೆ ಇಡೋಣ ಅಂತ ಪರಿಚಯದ ಹುಡುಗನಿಗೆ ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿದೆ. ಅವನು ಡೊಮೈನ್ ಹೆಸರನ್ನು ತನ್ನ ಹೆಸರಿನಲ್ಲೇ ಕೊಂಡಿದ್ದ. ಎರಡನೇ ವರ್ಷ ನವೀಕರಣಕ್ಕೆ ಅವನು ಕೇಳಿದ ಮೊತ್ತ ನೋಡಿ ಕೈಬಿಟ್ಟೆ. ನನ್ನ ಹೆಸರಿಗೆ ನಾನೇ ಬಾಡಿಗೆದಾರ! ನಮ್ಮ ಊರಿನ ಎಷ್ಟೋ ಅಂಗಡಿಗಳ ಪಾಡು ಇದೇ ಅಂತ ಆಮೇಲೆ ವಿಚಾರಿಸಿದಾಗ ತಿಳಿಯಿತು.

ಆದ್ದರಿಂದ ಮೊದಲು ಹೆಸರು. ‘ಡಾಟ್ ಇನ್’ ಅಂತ ಮುಗಿಯುವ ಹೆಸರಿಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿ ಆಸುಪಾಸು ಆಗುತ್ತದೆ. ಮೊದಲ ವರ್ಷ ಅಗ್ಗದ ಆಸೆ ತೋರಿಸಿ ಎರಡನೇ ವರ್ಷ ಏರಿಸುವವರಿದ್ದಾರೆ, ನವೀಕರಣದ ದರ ಕೇಳಿಯೇ ಕೊಳ್ಳಿ. ನಿಮ್ಮ ಹೆಸರು, ನಿಮ್ಮ ಇ-ಮೇಲ್, ನಿಮ್ಮ ಮೊಬೈಲ್ ಹಾಕಿ ಕೊಳ್ಳಿ. ಹೆಸರು ನಿಮ್ಮದಾದ ಮೇಲೆ ಪುಟವನ್ನು ಪುಕ್ಕಟೆ ಜಾಗದಲ್ಲೇ ಕಟ್ಟಿದರೂ ಅಡ್ಡಿಯಿಲ್ಲ. ಆ ಜಾಗ ಮುಚ್ಚಿದರೆ ಸಾಮಾನು ಎತ್ತಿ ಬೇರೆಡೆ ಇಡುತ್ತೀರಿ, ಕಾರ್ಡಿನ ಅಡ್ರೆಸ್ಸು ಅದೇ ಇರುತ್ತದೆ. ಪಾಸ್‌ವರ್ಡನ್ನು ಲೆಕ್ಕದ ಪುಸ್ತಕದ ಜೊತೆ ಬೀರುವಿನಲ್ಲಿಡಿ. ಮಗಳ ತಲೆಯಲ್ಲಿ ಇಟ್ಟರೆ ಏನಾಗುತ್ತದೆ ಅಂತ ಈಗಷ್ಟೇ ಓದಿದಿರಿ.

“ವಾಟ್ಸಾಪಿನಾಗೆ ಸ್ಟೇಟಸ್ ಹಾಕಿದ್ರೆ ಸಾಲದಾ?” ಅಂತ ಪೇಂಟರು ಕೇಳಿದರು. ಸ್ಟೇಟಸ್ಸು 24 ಗಂಟೆಗೆ ಮಾಯ. ಅಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಕುಗ್ಗಿ ಹೋಗುತ್ತದೆ, ಅಕ್ಷರದ ಅಂಚು ಮಸುಕಾಗುತ್ತದೆ. ಅಂಚೇ ಇವರ ಕಸುಬು! ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮೂಲ ಫೋಟೋ ಫೋನಿನಲ್ಲೊಂದು, ಪೆನ್‌ಡ್ರೈವಿನಲ್ಲೊಂದು ಇರಲಿ.

ನಲವತ್ತು ಫೋಟೋ ಸುರಿಯುವವರನ್ನೂ ನೋಡಿದ್ದೇನೆ. ಗಿರಾಕಿ ನಾಲ್ಕು ನೋಡುವಷ್ಟರಲ್ಲಿ ಅವನ ಬಸ್ ಸ್ಟಾಪ್ ಬಂದಿರುತ್ತದೆ. ಹತ್ತು ಹನ್ನೆರಡು ಸಾಕು. ಬೆಳಗಿನ ಬಿಸಿಲಿನಲ್ಲಿ, ಎದುರಿಗೇ ನಿಂತು ತೆಗೆದದ್ದು. ಪ್ರತಿಯೊಂದರ ಕೆಳಗೂ ಎರಡು ಸಾಲು ಟೈಪ್ ಮಾಡಿದ ಕನ್ನಡ ಇರಲಿ, ಕಸುಬಿನ ಹೆಸರು ಇಂಗ್ಲಿಷಿನಲ್ಲೂ ಇರಲಿ. ಫೋಟೋದೊಳಗೆ ಬರೆದ ಅಕ್ಷರವನ್ನು ನಂಬಿ ಕೂತರೆ ಹುಡುಕುವವರ ಕೈಗೆ ನೀವು ಸಿಗುವುದು ಕಷ್ಟ. ಗಿರಾಕಿಯ ಅಂಗಡಿ ಫೋಟೋ ಹಾಕುವ ಮುಂಚೆ ಅವರನ್ನೊಂದು ಮಾತು ಕೇಳಿ. ಇನ್ನೊಬ್ಬರ ಕೆಲಸವನ್ನು ನನ್ನದು ಅಂತ ಹಾಕುವ ಚಟ ನಮ್ಮ ಬಡಗಿಗಳಲ್ಲೂ ಇದೆ, ಫೋಟೋ ಸ್ಟುಡಿಯೋದವರಲ್ಲೂ ಇದೆ. ಸಿಕ್ಕಿಬಿದ್ದರೆ ಒಂದೇ ಸಲಕ್ಕೆ ಮಾನ ಹೋಗುತ್ತದೆ.

ಇಂಜಿನಿಯರಿಂಗ್ ಹುಡುಗರಿಗೆ ಇದನ್ನೆಲ್ಲ ಹೇಳಬೇಕಿಲ್ಲ. ಬರೆದ ಪ್ರೋಗ್ರಾಮುಗಳನ್ನು ಗಿಟ್‌ಹಬ್‌ನಲ್ಲಿ, ಓದಿದ್ದನ್ನು ಲಿಂಕ್ಡ್‌ಇನ್‌ನಲ್ಲಿ ಇಡುತ್ತಾರೆ. ನಮ್ಮ ಚಿಂತೆ ಬ್ಲೌಸಿಗೆ ಎಂಬ್ರಾಯ್ಡರಿ ಹಾಕುವವರದು, ಪೂಜಾ ಮಂಟಪ ಕೆತ್ತುವವರದು, ಬೋರ್ಡು ಬರೆಯುವವರದು.

ಒಂದು ಎಚ್ಚರಿಕೆ ಮಾತ್ರ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ನಂಬರು ಬಯಲಿಗೆ ಬಿದ್ದ ಮೇಲೆ ಕಳ್ಳನಿಗೂ ಸಿಗುತ್ತದೆ. ನಮ್ಮ ಪೇಂಟರಿಗೆ ಒಬ್ಬ ಫೋನ್ ಮಾಡಿ “ನಾನು ಮಿಲಿಟರಿ ಅಧಿಕಾರಿ, ಕ್ವಾರ್ಟರ್ಸಿಗೆ ಬೋರ್ಡು ಬೇಕು, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ” ಅಂದನಂತೆ. ದೇಶದ ತುಂಬ ನಡೆಯುತ್ತಿರುವ ಹಳೇ ಆಟ ಇದು. ದುಡ್ಡು ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಪೇಂಟರು ಪಕ್ಕದ ಮೆಡಿಕಲ್ ಸ್ಟೋರಿನವರನ್ನು ಕೇಳಿದ್ದರಿಂದ ಬಚಾವಾದರು. ಮೋಸ ಹೋದವರು ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಪುಟದಲ್ಲಿ ಆಧಾರ್, ಪ್ಯಾನ್ ಕಾರ್ಡಿನ ಫೋಟೋ ಹಾಕುವ ಬುದ್ಧಿವಂತರೂ ಇದ್ದಾರೆ. ಯಾಕಪ್ಪಾ?

*

ಪೇಂಟರಿಗೆ ಹನೀಫ್ ಕುರೇಶಿಯವರ ವಿಷಯ ಹೇಳಿದೆ. ದೆಹಲಿಯ ಈ ಕಲಾವಿದರು ‘ಹ್ಯಾಂಡ್‌ಪೇಂಟೆಡ್‌ಟೈಪ್’ ಅನ್ನುವ ಕೆಲಸ ಶುರು ಮಾಡಿ, ಬೀದಿ ಪೇಂಟರುಗಳ ಅಕ್ಷರಗಳನ್ನು ಕಂಪ್ಯೂಟರಿನ ಫಾಂಟುಗಳಾಗಿ ಇಳಿಸಿದರು. ಫಾಂಟಿಗೆ ಬರೆದವನದೇ ಹೆಸರು. ಒಂದರ ಹೆಸರು ‘ಪೇಂಟರ್ ಕಫೀಲ್’. ಕುರೇಶಿ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪೇಂಟರು ಸ್ವಲ್ಪ ಹೊತ್ತು ಸುಮ್ಮನಿದ್ದು “ಅವರು ಪೇಂಟರ್ ಹೆಸರು ಬಿಡ್ಲಿಲ್ಲ ನೋಡ್ರಿ” ಅಂದರು.

ಕಳೆದ ಭಾನುವಾರ ಮಗಳು ತವರಿಗೆ ಬಂದಿದ್ದಳು. ಹೆಸರು ಕೊಂಡಾಯಿತು, ಅಪ್ಪನ ಹೆಸರಿನಲ್ಲೇ. ಆಗ ಬರೆದಿದ್ದ ಮಾತುಗಳನ್ನು ಅಪ್ಪ ಮತ್ತೆ ಹೇಳಬೇಕಾಗಿದೆ, ಕೆಲವು ಬೋರ್ಡಿನ ಅಳತೆ ಅವರಿಗೂ ಮರೆತಿದೆ. ಉಳಿದ ಕಾರ್ಡುಗಳ ಹಳೇ ಅಡ್ರೆಸ್ಸಿನ ಮೇಲೆ ಸಣ್ಣ ಬ್ರಷ್ಷಿನಲ್ಲಿ ಬಿಳಿ ಬಣ್ಣ ಹೊಡೆದು ಹೊಸದನ್ನು ತಾವೇ ಬರೆಯುತ್ತಿದ್ದಾರೆ. ಮುನ್ನೂರು ಚಿಲ್ಲರೆ ಕಾರ್ಡು ಬಾಕಿ ಇದೆ.

ಮೊದಲನೇ ಫೋಟೋ ಯಾವುದು ಅನ್ನುವುದರಲ್ಲಿ ಮಾತ್ರ ಮನೆಯಲ್ಲಿ ಜಗಳ. ಮಗಳಿಗೆ ಬೆಂಗಳೂರಿನ ಕಾಫಿ ಅಂಗಡಿಯದು ಬೇಕು. ಅಪ್ಪನಿಗೆ ಗೆದ್ದಲು ಅರ್ಧ ತಿಂದ ಒಂದು ಕಿರಾಣಿ ಅಂಗಡಿಯ ಬೋರ್ಡು ಬೇಕು. ಆ ಅಂಗಡಿ ರಸ್ತೆ ಅಗಲೀಕರಣಕ್ಕೆ ಹೋಯಿತಂತೆ. “ಅದರ ‘ಶ್ರೀ’ ನೋಡವ್ವ, ಆಮೇಲೆ ಅಂಥ ‘ಶ್ರೀ’ ನನ್ ಕೈಯಾಗೆ ಬರ್ಲೇ ಇಲ್ಲ” ಅನ್ನುತ್ತಿದ್ದಾರೆ.